ಎಣಿಕೆ ತಗ್ಗಿತು, ಹೊಗೆ ತಗ್ಗಿತೆ?

ಪಂಜಾಬಿನ ಗದ್ದೆಗಳಲ್ಲಿ 2022ರ ಬತ್ತದ ಕೊಯ್ಲಿನ ಕಾಲಕ್ಕೆ ಉಪಗ್ರಹಗಳು ಗುರುತಿಸಿದ ಕೂಳೆಬೆಂಕಿಗಳು 49,922. 2024ರಲ್ಲಿ ಅವು 10,909ಕ್ಕೆ ಇಳಿದುವು. ಈ ಇಳಿಕೆಯನ್ನೇ ಆಡಳಿತದ ವಿಜಯವೆಂದು ಅಧಿಕಾರಸ್ಥರು ಸಾರುತ್ತಿದ್ದ ದಿನಗಳಲ್ಲಿಯೇ ಉತ್ತರದ ಬಯಲಿನ ಮೇಲೆ ಹೊಗೆ ದಟ್ಟವಾಗಿ ಕವಿದು, ದೆಹಲಿಯ ಮಕ್ಕಳು ಶಾಲೆಗೆ ಹೋಗಲಾರದೆ ಮನೆಯಲ್ಲಿ ಉಳಿಯಬೇಕಾಯಿತು. ರಾಜಧಾನಿಯ ಮಾಲಿನ್ಯಕ್ಕೆ ವಾಹನಗಳೂ ಧೂಳೂ ಕಾರ್ಖಾನೆಗಳೂ ಕಾರಣವೆಂಬುದು ನಿರ್ವಿವಾದ. ಆದರೆ ಬೆಂಕಿಗಳ ಲೆಕ್ಕ ಐದನೆಯ ಒಂದು ಭಾಗಕ್ಕೆ ಕುಗ್ಗಿದ ಮೇಲೆಯೂ ಗಗನದ ಹೊಗೆ ತದನುಗುಣವಾಗಿ ಕರಗದಿದ್ದರೆ, ವಿವೇಕಿಯಾದವನು ಆ ಲೆಕ್ಕವನ್ನೇ ಪರೀಕ್ಷಿಸಬೇಕಾಗುತ್ತದೆ.

ಧ್ರುವಗಳ ಮೇಲಿಂದ ಭೂಮಿಯನ್ನು ಸುತ್ತುವ ಸುವೋಮಿ ಎನ್‌ಪಿಪಿ ಮೊದಲಾದ ಉಪಗ್ರಹಗಳು ನೆಲದ ಅಸಾಧಾರಣ ತಾಪವನ್ನು 375 ಮೀಟರಿನ ಸೂಕ್ಷ್ಮತೆಯಲ್ಲಿ ಗ್ರಹಿಸಬಲ್ಲುವಾದರೂ, ಒಂದು ಪ್ರದೇಶದ ಮೇಲೆ ಅವು ಹಾಯುವುದು ಮಧ್ಯಾಹ್ನ ಒಂದೂವರೆಯ ಆಸುಪಾಸಿಗೆ ಒಮ್ಮೆ, ನಡುರಾತ್ರಿ ಕಳೆದ ಬಳಿಕ ಇನ್ನೊಮ್ಮೆ. ಸಂಜೆ ನಾಲ್ಕಕ್ಕೆ ಹೊತ್ತಿಸಿದ ಕೂಳೆ ಆ ವೇಳೆಗೆ ಬೂದಿಯಾಗಿರುತ್ತದೆ. ಸರ್ಕಾರದ ಕಡತದಲ್ಲಿ ಅದು ಉರಿಯಲೇ ಇಲ್ಲ. ಸುಮಾರು 36,000 ಕಿಲೋಮೀಟರ್ ಎತ್ತರದಿಂದ ಹತ್ತು ನಿಮಿಷಕ್ಕೊಮ್ಮೆ ಚಿತ್ರ ತೆಗೆಯುವ ದಕ್ಷಿಣ ಕೊರಿಯದ ಭೂಸ್ಥಿರ ಉಪಗ್ರಹದ ಚಿತ್ರಗಳನ್ನು ಪರಿಶೀಲಿಸಿದ ನಾಸಾದ ವಿಜ್ಞಾನಿ ಹಿರೇನ್ ಜೇಠ್ವಾ ಅವರು, ಗದ್ದೆಗಳ ದಹನವು ಮಧ್ಯಾಹ್ನದ ಆ ವೀಕ್ಷಣೆ ಮುಗಿದ ಮೇಲೆ ಹೆಚ್ಚುತ್ತಿದೆಯೆಂಬುದನ್ನು 2024ರಲ್ಲಿ ಲೋಕದ ಮುಂದಿಟ್ಟರು. ಆ ವರ್ಷದ ನವೆಂಬರಿನಲ್ಲಿಯೇ ಸುಪ್ರೀಂ ಕೋರ್ಟು ಇಡೀ ದಿನದ ಮಾಹಿತಿಯನ್ನು ಪಡೆಯಬೇಕೆಂದು ಆದೇಶಿಸಿತು.

ಭೂಸ್ಥಿರ ಉಪಗ್ರಹದ ದೃಷ್ಟಿ ಸ್ಥೂಲವಾದುದು, ಕಿರುಗದ್ದೆಯ ಬೆಂಕಿಯನ್ನು ಅದು ಬಿಡಿಬಿಡಿಯಾಗಿ ಎಣಿಸಲಾರದು ಎಂಬ ಆಕ್ಷೇಪವುಂಟು. ಆಕ್ಷೇಪ ಸರಿಯಾದುದೇ, ಆದರೆ ದಹನದ ವೇಳೆಯನ್ನು ತಿಳಿಯಲು ಆ ದೃಷ್ಟಿಯೇ ಸಾಕು, ಮತ್ತು ಎಷ್ಟು ನೆಲ ಸುಟ್ಟಿತೆಂಬುದನ್ನು ಅಳೆಯಲು ಸೆಂಟಿನೆಲ್-2ರಂಥ ಸೂಕ್ಷ್ಮದೃಷ್ಟಿಯ ಉಪಗ್ರಹಗಳಿವೆ. ಕಪ್ಪಾದ ಗದ್ದೆ ಉಳುಮೆಯವರೆಗೂ ತನ್ನ ಸಾಕ್ಷ್ಯವನ್ನು ಅಳಿಸಿಕೊಳ್ಳುವುದಿಲ್ಲ.

ಹಾಗೆಂದು ಈ ದೂರದೃಷ್ಟಿಯನ್ನೆಲ್ಲ ರೈತನ ಮೇಲಿನ ಕಾವಲಿಗೆ ಮಾತ್ರ ಬಳಸುವುದು ಘೋರ ಅನ್ಯಾಯವಾದೀತು. ಅಂತರ್ಜಲದ ರಕ್ಷಣೆಗೆಂದು 2009ರಲ್ಲಿ ಬಂದ ಕಾನೂನು ನಾಟಿಯನ್ನು ಜೂನ್ ತಿಂಗಳಿಗೆ ತಳ್ಳಿತು. ಕೊಯ್ಲು ತಡವಾಗಿ, ಗೋದಿಯ ಬಿತ್ತನೆಗೆ ಉಳಿದುದು ಕೆಲವೇ ವಾರ. ಕಟಾವು ಯಂತ್ರವು ಕೂಳೆಯನ್ನು ಗದ್ದೆಯಲ್ಲಿಯೇ ಬಿಟ್ಟುಹೋಗುತ್ತದೆ. ಇಂಥ ಇಕ್ಕಟ್ಟಿನಲ್ಲಿರುವವನಿಗೆ 30,000 ರೂಪಾಯಿಯವರೆಗೆ ದಂಡ ವಿಧಿಸಿದರೆ, ಅವನು ಕಡ್ಡಿ ಗೀರುವ ಹೊತ್ತನ್ನು ಬದಲಿಸುವನೇ ಹೊರತು ಕಡ್ಡಿಯನ್ನು ಬಿಸುಡಲಾರ.

ಆದುದರಿಂದ ಸರ್ಕಾರಗಳು ಬೆಂಕಿಯ ಎಣಿಕೆಯೊಂದನ್ನೇ ಪ್ರಕಟಿಸುವುದನ್ನು ಬಿಟ್ಟು, ಸುಟ್ಟ ಭೂಮಿಯ ವಿಸ್ತೀರ್ಣವನ್ನೂ ಇಡೀ ದಿನದ ಹೊಗೆಯ ಪ್ರಮಾಣವನ್ನೂ ಪ್ರಜೆಗಳ ಮುಂದಿಡಲಿ. ಕೂಳೆಯ ನಡುವೆಯೇ ಬಿತ್ತುವ ಯಂತ್ರವನ್ನು ಸಣ್ಣ ಹಿಡುವಳಿದಾರನಿಗೂ ಸಕಾಲದಲ್ಲಿ ಒದಗಿಸಲಿ. ಅಲ್ಲಿಯವರೆಗೆ ಈ ವಿಜಯಘೋಷಣೆಗೆ ಆಧಾರವಿಲ್ಲ.