ಹುಲ್ಲುಗಾವಲು ಖಾಲಿ ಸೈಟ್ ಅಲ್ಲ ಸ್ವಾಮೀ!

ಜೂನ್ 5 ಹತ್ತಿರ ಬಂತೆಂದರೆ ನಮ್ಮ ಐಟಿ ಆಫೀಸುಗಳಲ್ಲಿ ಪರಿಸರ ಪ್ರೇಮ ಉಕ್ಕತೊಡಗುತ್ತದೆ. ಎಲ್ಲರಿಗೂ ಒಂದೇ ಬಣ್ಣದ ಟೀಶರ್ಟು, ಒಂದು ಬಸ್ಸು, ಊರಾಚೆಯ ಬಯಲು, ಸಾವಿರ ಸಸಿ, ಆಮೇಲೆ ಫೋಟೋಗಳ ಸುರಿಮಳೆ!

ಗಿಡ ನೆಡೋದು ತಪ್ಪೇನ್ರೀ ಅಂತೀರಾ? ಎಲ್ಲಿ ನೆಡುತ್ತೀರಿ ಅನ್ನೋದರ ಮೇಲಿದೆ. ರಸ್ತೆ ಬದಿಯಲ್ಲಿ ನೆಡಿ, ಕಾಡು ಹಾಳಾದ ಕಡೆ ಅಲ್ಲಿಯದೇ ಜಾತಿಯ ಗಿಡ ನೆಡಿ, ಬೇಡ ಅಂದವರಾರು? ಹುಲ್ಲುಗಾವಲಿನಲ್ಲಿ ಮಾತ್ರ ದಯವಿಟ್ಟು ಗುಂಡಿ ತೋಡಬೇಡಿ.

ಹೋದ ವರ್ಷ ಇಂಥದ್ದೇ ಒಂದು ಮೇಲ್ ಬಂದಾಗ 'ಜಾಗ ಎಂಥದ್ದು?' ಅಂತ ಕೇಳಿದ್ದೆ. 'ಬಂಜರು ಭೂಮಿ, ಅಲ್ಲೇನೂ ಇಲ್ಲ' ಅನ್ನೋ ಉತ್ತರ ಬಂತು. ನನ್ನ ತಕರಾರು ಇರೋದೇ ಈ 'ಏನೂ ಇಲ್ಲ' ಅನ್ನೋ ಮಾತಿನ ಬಗ್ಗೆ.

ಬಯಲುಸೀಮೆಯ ಹುಲ್ಲನ್ನು ಮಿಡತೆ ತಿನ್ನುತ್ತದೆ, ಕೃಷ್ಣಮೃಗ ತಿನ್ನುತ್ತದೆ. ಮಿಡತೆ ಹಕ್ಕಿಗೆ ಊಟ, ಕೃಷ್ಣಮೃಗ ತೋಳಕ್ಕೆ. ಹಿಕ್ಕೆ, ಸಗಣಿಯನ್ನು ಹುಳುಗಳು ಮಣ್ಣಿಗೆ ಸೇರಿಸುತ್ತವೆ, ಮತ್ತೆ ಹುಲ್ಲು. ಈ ಸರಪಳಿಯ ಒಂದು ಹಂತದಿಂದ ಮೇಲಿನದಕ್ಕೆ ದಾಟುವ ಶಕ್ತಿ ಸರಿಸುಮಾರು ನೂರಕ್ಕೆ 10 ಪಾಲು ಅಂತ ಹೈಸ್ಕೂಲಿನಲ್ಲೇ ಓದಿದ್ದೇವೆ. ಹಾಗಾದರೆ ಒಂದು ತೋಳ ಬದುಕಲು ಎಷ್ಟು ಹುಲ್ಲು ಬೇಕು, ನೀವೇ ಲೆಕ್ಕ ಹಾಕಿ.

ಅಲ್ಲಿ ಮರ ಎದ್ದರೆ? ನೆರಳು ಬಿದ್ದು, ಬಿಸಿಲು ಬೇಡುವ ಹುಲ್ಲು ಸೊರಗುತ್ತದೆ. ದೂರದಿಂದಲೇ ಶತ್ರುವನ್ನು ಕಂಡು ಓಟ ಕೀಳುವುದೇ ಕೃಷ್ಣಮೃಗದ ರಕ್ಷಣೆ, ಮರಗಳ ನಡುವೆ ಅದು ನಡೆಯಲ್ಲ. ನೆಲದ ಮೇಲೆ ಮೊಟ್ಟೆಯಿಡುವ ಟಿಟ್ಟಿಭದ ಗೂಡಿಗೆ ಹೊಂಚು ಹಾಕಲು ಕಾಗೆಗೆ ಒಳ್ಳೆಯ ಕೊಂಬೆ ಸಿಗುತ್ತದೆ. ತನಗೆ ಅರ್ಥವಾಗಲಿಲ್ಲ ಅಂತ ಯಾರೋ ಬರೆದ ಕೋಡ್ ಅಳಿಸಿಹಾಕುವವನನ್ನು ನಾವು ಟೀಮಿನಲ್ಲಿ ಇಟ್ಟುಕೊಳ್ಳುತ್ತೇವೆಯೇ?

ಕೃಷ್ಣಮೃಗಕ್ಕೆಂದೇ 1974ರಲ್ಲಿ ಘೋಷಿಸಿದ, ಸುಮಾರು 119 ಚದರ ಕಿ.ಮೀ. ವಿಸ್ತಾರದ ರಾಣೆಬೆನ್ನೂರು ಅಭಯಾರಣ್ಯದ ಬಹುಭಾಗದಲ್ಲಿ ಇರೋದೇನು ಗೊತ್ತೇ? ನೀಲಗಿರಿ ನೆಡುತೋಪು! ಹಸಿರೇನೋ ಹಸಿರೇ. ಆದರೆ ಯಾರಿಗೆ?

ನಮ್ಮ ಹಿರಿಯರಿಗೆ ಇಷ್ಟು ಕುರುಡು ಇರಲಿಲ್ಲ. ಚಿಕ್ಕದೇವರಾಜ ಒಡೆಯರ 'ಬೆಣ್ಣೆ ಚಾವಡಿ'ಗೆ ಟಿಪ್ಪು 'ಅಮೃತಮಹಲ್' ಅಂತ ಹೆಸರಿಟ್ಟ. ಆ ದನಗಳಿಗಾಗಿ ಕಾದಿಟ್ಟ ಹುಲ್ಲುಗಾವಲುಗಳಿಗೆ 'ಕಾವಲು' ಅನ್ನೋ ಹೆಸರು. ಕಾಯಬೇಕಾದ್ದು ಅಂತ ಹೆಸರಲ್ಲೇ ಇದೆಯಲ್ಲ! ಅಂಥ ಚಳ್ಳಕೆರೆಯ ಸಾವಿರಾರು ಎಕರೆ ಕಾವಲು 2010ರ ಆಸುಪಾಸಿನಲ್ಲಿ ರಕ್ಷಣೆ, ವಿಜ್ಞಾನ ಸಂಸ್ಥೆಗಳ ಪಾಲಾಯಿತು. ಕುರಿ ಮೇಯಿಸುತ್ತಿದ್ದವರು ಬೇಲಿಯಾಚೆ ಉಳಿದರು. ಸಮಾಧಾನಕ್ಕೆ ಕಡೂರು ಕಡೆಯ ಬಾಸೂರು ಕಾವಲು ಇದೆ. 2011ರಲ್ಲಿ ಅದು ಸಂರಕ್ಷಿತ ಪ್ರದೇಶವಾಯಿತು. ಅಲ್ಲಿ ಕೃಷ್ಣಮೃಗಗಳಿವೆ.

'ಮರ ಇಂಗಾಲ ಹೀರುತ್ತದಲ್ಲ?' ಅನ್ನುವವರಿಗೆ ಒಂದು ಮಾತು. ಹುಲ್ಲೂ ಹೀರುತ್ತದೆ ಸ್ವಾಮಿ, ಬೇರಿನ ಮೂಲಕ ನೆಲದೊಳಗೆ ಕೂಡಿಡುತ್ತದೆ. ಮೇಲೆ ಬೆಂಕಿ ಬಿದ್ದರೂ ಅದರ ಬಹುಪಾಲು ಅಲ್ಲೇ ಇರುತ್ತದೆ. ಫೋಟೋದಲ್ಲಿ ಕಾಣಲ್ಲ, ಅಷ್ಟೇ :-)

ಗೆಳೆಯರೇ, ನಿಮ್ಮ ಆಫೀಸಿನವರೂ ಸಸಿ ಹಿಡಿದು ಬಯಲಿಗೆ ಹೊರಟರೆ, ಗುದ್ದಲಿ ಎತ್ತುವ ಮೊದಲು ಒಂದೇ ಒಂದು ಪ್ರಶ್ನೆ ಕೇಳಿ: ಇಲ್ಲಿ ಈಗಾಗಲೇ ಯಾರ್ಯಾರು ಸಂಸಾರ ಹೂಡಿದ್ದಾರೆ?

ಏನಂತೀರಿ?