ಇಸಿಲದಲ್ಲಿ ವಿಚಾರಿಸಿದ ಕುಶಲ, ಚಳ್ಳಕೆರೆಯಲ್ಲಿ ಆಡದೆ ಉಳಿದ ಮಾತು

ಹುಟ್ಟಿದ ನೆಲವನ್ನು ಬಿಟ್ಟು ಬಂದ ವಿದ್ವಾಂಸನನ್ನು ದೇಶವೊಂದು ತನ್ನ ದೂತನನ್ನಾಗಿ ನೇಮಿಸಿಕೊಳ್ಳುವುದು ಕಳೆದ ಅರ್ಧ ಶತಮಾನದಲ್ಲಿ ಅಮೆರಿಕದ ವಿದೇಶಾಂಗ ನೀತಿಯ ಒಂದು ಲಕ್ಷಣವೇ ಆಗಿದೆ. ಜರ್ಮನಿಯಿಂದ ಬಾಲಕನಾಗಿ ಬಂದ ಹೆನ್ರಿ ಕಿಸಿಂಜರ್ ಹಾರ್ವರ್ಡ್‌ನಲ್ಲಿ ಪ್ರಾಧ್ಯಾಪಕರಾಗಿದ್ದರು. ಪ್ರಾಗ್‌ನಲ್ಲಿ ಜನಿಸಿದ ಮೆಡಲಿನ್ ಆಲ್‌ಬ್ರೈಟ್ ಜಾರ್ಜ್‌ಟೌನ್ ವಿಶ್ವವಿದ್ಯಾಲಯದಲ್ಲಿ ಬೋಧಿಸುತ್ತಿದ್ದರು. ಇಬ್ಬರೂ ಮುಂದೆ ಆ ದೇಶದ ವಿದೇಶಾಂಗ ಕಾರ್ಯದರ್ಶಿಗಳಾದರು. ವಿದ್ವಾಂಸರನ್ನು ರಾಯಭಾರಕ್ಕೆ ಕಳುಹಿಸುವ ಪದ್ಧತಿ ನಮಗೂ ಹೊಸದಲ್ಲ. 1918ರಿಂದ 1921ರವರೆಗೆ ಮೈಸೂರಿನಲ್ಲಿ ತತ್ವಶಾಸ್ತ್ರ ಬೋಧಿಸಿದ ಡಾ. ಎಸ್. ರಾಧಾಕೃಷ್ಣನ್ 1949ರಲ್ಲಿ ಮಾಸ್ಕೋಗೆ ಭಾರತದ ರಾಯಭಾರಿಯಾಗಿ ತೆರಳಿದ್ದನ್ನು ಇಲ್ಲಿ ಸ್ಮರಿಸಬಹುದು.

ಈ ಸಾಲಿನಲ್ಲಿ ಇತ್ತೀಚಿನ ಹಾಗೂ ಅತ್ಯಂತ ವಿವಾದಾಸ್ಪದ ಹೆಸರು ಝಲ್ಮಯ್ ಖಲೀಲ್‌ಝಾದ್ ಅವರದು. ಅಫ್ಘಾನಿಸ್ತಾನದ ಮಜಾರ್-ಎ-ಶರೀಫ್‌ನಲ್ಲಿ 1951ರಲ್ಲಿ ಹುಟ್ಟಿ, ಬೈರೂತ್‌ನಲ್ಲಿ ಓದಿ, ಷಿಕಾಗೊದಲ್ಲಿ ಡಾಕ್ಟರೇಟ್ ಪಡೆದು, ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದ ಅವರು ಕಾಬೂಲ್, ಬಾಗ್ದಾದ್ ಮತ್ತು ವಿಶ್ವಸಂಸ್ಥೆಯಲ್ಲಿ ಅಮೆರಿಕದ ರಾಯಭಾರಿಯಾಗಿದ್ದರು. 2018ರಲ್ಲಿ ತಾಲಿಬಾನ್ ಜತೆಗಿನ ಮಾತುಕತೆಯ ಹೊಣೆಯನ್ನೂ ಅವರಿಗೇ ವಹಿಸಲಾಯಿತು. ಎದುರು ಪಕ್ಷದವರೊಡನೆ ಅವರದೇ ನುಡಿಯಲ್ಲಿ ಮಾತನಾಡಬಲ್ಲ, ಆ ಸಮಾಜದ ಒಳಸುಳಿಗಳನ್ನು ಬಲ್ಲ ದೂತ ಇನ್ನೊಬ್ಬನಿರಲಿಲ್ಲ. ಆದರೂ 2020ರ ಫೆಬ್ರವರಿ 29ರಂದು ದೋಹಾದಲ್ಲಿ ಸಹಿಯಾದ ಒಪ್ಪಂದದಲ್ಲಿ ಕಾಬೂಲಿನ ಸರ್ಕಾರವೇ ಪಕ್ಷವಾಗಿರಲಿಲ್ಲ. ಆ ಸರ್ಕಾರದ ವಶದಲ್ಲಿದ್ದ 5,000ದವರೆಗಿನ ತಾಲಿಬಾನ್ ಕೈದಿಗಳ ಬಿಡುಗಡೆಗೆ ಬೇರೆಯವರು ಮಾತು ಕೊಟ್ಟರು. 2021ರ ಆಗಸ್ಟ್ 15ರಂದು ಕಾಬೂಲ್ ಕುಸಿಯಿತು. ಅಕ್ಟೋಬರ್‌ನಲ್ಲಿ ಖಲೀಲ್‌ಝಾದ್ ರಾಜೀನಾಮೆ ನೀಡಿದರು. ಕುಸಿತಕ್ಕೆ ಕಾರಣಗಳು ಹಲವು. ಎಲ್ಲವನ್ನೂ ಒಬ್ಬ ದೂತನ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ಯಾರ ಮನೆಯ ವಿಷಯವೋ ಅವರನ್ನೇ ಹೊರಗಿಟ್ಟು ಮಾತು ಮುಗಿಸಿದ್ದು ಆ ಒಪ್ಪಂದದ ಮೂಲ ದೋಷವೆಂಬುದನ್ನು ಅಲ್ಲಗಳೆಯಲಾಗದು.

ಹಿಂದೂಕುಷ್‌ನ ಆ ಸೀಮೆಗೂ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿಗೂ ಒಂದು ಹಳೆಯ ನಂಟಿದೆ. ಅದೂ ಒಬ್ಬ ವಲಸಿಗ ಅಕ್ಷರಸ್ಥನ ಮೂಲಕ ಬಂದದ್ದು.

ಬಿ.ಎಲ್. ರೈಸ್ ಅವರು 1892ರಲ್ಲಿ ಈ ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರ ಬೆಟ್ಟಗಳಲ್ಲಿ ಅಶೋಕನ ಕಿರು ಶಿಲಾಶಾಸನಗಳನ್ನು ಬೆಳಕಿಗೆ ತಂದರು. ಬ್ರಹ್ಮಗಿರಿಯ ಬಂಡೆಯನ್ನು ಊರಿನವರು ಅದಕ್ಕೂ ಮೊದಲಿನಿಂದ ಅಕ್ಷರಗುಂಡು ಎಂದೇ ಕರೆಯುತ್ತಿದ್ದರು. ಅದಕ್ಕೆ ರೋಗ ಗುಣಪಡಿಸುವ ಶಕ್ತಿಯಿದೆಯೆಂದೂ ನಂಬಿದ್ದರು. ಶಾಸನದ ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮೀ. ಆದರೆ ಕೊನೆಯ ಸಾಲಿನಲ್ಲಿ ಬರೆದವನ ಹೆಸರು ಚಪಡ ಎಂದು ಹೇಳಿದ ಬಳಿಕ ‘ಲಿಪಿಕಾರ’ ಎಂಬರ್ಥದ ಪದವೊಂದು ಮಾತ್ರ ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿ ಲಿಪಿಯಲ್ಲಿದೆ. ಅಶೋಕನ ಕಾಲದಲ್ಲಿ ಆ ಲಿಪಿ ಬಳಕೆಯಲ್ಲಿದ್ದುದು ಸಾಮ್ರಾಜ್ಯದ ವಾಯವ್ಯ ಅಂಚಿನ ಗಾಂಧಾರ ಸೀಮೆಯಲ್ಲಿ. ಇಂದು ಪಾಕಿಸ್ತಾನದಲ್ಲಿರುವ ಶಹಬಾಜ್‌ಗಢಿ ಮತ್ತು ಮಾನ್‌ಸೆಹ್ರಾದ ಅಶೋಕನ ಶಾಸನಗಳು ಪೂರ್ತಿಯಾಗಿ ಅದೇ ಲಿಪಿಯಲ್ಲಿವೆ. ಆದುದರಿಂದ ಚಪಡ ಅತ್ತಕಡೆಯಿಂದ ಬಂದವನು, ಇಲ್ಲವೇ ಅಲ್ಲಿ ಸೇವೆ ಸಲ್ಲಿಸಿ ಪಳಗಿದವನು ಎಂಬುದು ಶಾಸನತಜ್ಞರ ಊಹೆ. ಓದಬಲ್ಲವರೇ ವಿರಳವಾಗಿದ್ದ ಊರಿನಲ್ಲಿ, ಯಾರೂ ಓದಲಾಗದ ಲಿಪಿಯಲ್ಲಿ ತನ್ನ ವೃತ್ತಿಯ ಹೆಸರನ್ನು ಕೆತ್ತಿಸಿದ ಅವನ ಮನಸ್ಸಿನಲ್ಲಿ ಏನಿತ್ತೋ! ಬಿಂಕವೂ ಇರಬಹುದು, ತವರಿನ ನೆನಪೂ ಇರಬಹುದು.

ಚಪಡ ಮಹಾಮಾತ್ರನಲ್ಲ, ಆಜ್ಞೆ ಹೊರಡಿಸಿದವನೂ ಅಲ್ಲ. ಆದರೆ ಅವನ ಕೈಯಿಂದ ಬಂಡೆಗೆ ಇಳಿದ ಪಾಠ ರಾಜತಾಂತ್ರಿಕ ಶಿಷ್ಟಾಚಾರದ ಉತ್ತಮ ಮಾದರಿ. ಸುವರ್ಣಗಿರಿಯಲ್ಲಿರುವ ಆರ್ಯಪುತ್ರ ಹಾಗೂ ಮಹಾಮಾತ್ರರ ಪರವಾಗಿ ಇಸಿಲದ ಮಹಾಮಾತ್ರರಿಗೆ ಹೇಳುವ ಮಾತು ಅದು. ಧರ್ಮದ ವಿಷಯ ಬರುವುದು ಆಮೇಲೆ. ಮೊಟ್ಟಮೊದಲು ಇಸಿಲದವರ ಆರೋಗ್ಯವನ್ನು ವಿಚಾರಿಸಬೇಕೆಂಬ ಸೂಚನೆ ಇದೆ. ಅನಂತರವೇ ದೊರೆಯ ಸಂದೇಶ: ತಂದೆತಾಯಿಯರ ಶುಶ್ರೂಷೆ, ಪ್ರಾಣಿದಯೆ, ಸತ್ಯ, ಗುರುಭಕ್ತಿ. ಇವೆಲ್ಲ ಹಿಂದಿನಿಂದ ನಡೆದು ಬಂದ ರೂಢಿಯೇ ಎಂದು ಹೇಳುವುದು ಇನ್ನೂ ಜಾಣತನದ ಮಾತು. ಹೊಸ ಆಳ್ವಿಕೆ ತನ್ನ ಆಜ್ಞೆಯನ್ನು ಹಳೆಯ ಆಚಾರವೆಂದು ಪರಿಚಯಿಸಿತು.

ಈ ಸೌಜನ್ಯವನ್ನು ಅತಿಯಾಗಿ ಹೊಗಳುವುದೂ ತಪ್ಪಾದೀತು. ಕ್ಷೇಮ ವಿಚಾರಿಸಿದ್ದು ಅಧಿಕಾರಿಗಳದು, ದನಗಾಹಿಗಳದಲ್ಲ. ಕಂದಹಾರ್‌ನಲ್ಲಿ ಅಶೋಕನ ಆಡಳಿತ ಕೇಳುಗರನ್ನು ನೋಡಿ ಗ್ರೀಕ್ ಮತ್ತು ಅರಾಮಿಕ್ ಭಾಷೆಗಳಲ್ಲಿ ಶಾಸನ ಬರೆಸಿತು; ಮೊಳಕಾಲ್ಮೂರಿನವರಿಗೆ ಆ ಭಾಗ್ಯ ದೊರೆಯಲಿಲ್ಲ, ಪ್ರಾಕೃತವೇ ಗತಿಯಾಯಿತು. ಇಸಿಲ ಎಂಬ ಸ್ಥಳನಾಮದಲ್ಲಿ ಕನ್ನಡದ ಬೇರನ್ನು ಗುರುತಿಸಿದ ವಿದ್ವಾಂಸರಿದ್ದಾರೆ. ಅದನ್ನು ಒಪ್ಪುವುದಾದರೆ, ಕನ್ನಡ ನುಡಿಯ ಅತ್ಯಂತ ಹಳೆಯ ಕುರುಹುಗಳಲ್ಲೊಂದು ಉಳಿದಿರುವುದು ಹೊರಗಿನಿಂದ ಬಂದವನೊಬ್ಬನ ಬರಹದಲ್ಲಿ, ಊರಿನ ಹೆಸರಾಗಿ.

ಆ ಊರು ಬರಿದಾದ ನೆಲವೂ ಆಗಿರಲಿಲ್ಲ. ಮೈಸೂರು ಪುರಾತತ್ವ ಇಲಾಖೆಯ ಡಾ. ಎಂ.ಎಚ್. ಕೃಷ್ಣ ಬ್ರಹ್ಮಗಿರಿಯಲ್ಲಿ ಉತ್ಖನನ ನಡೆಸಿದ ಬಳಿಕ 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅಲ್ಲಿ ಅಗೆದರು. ನಯಗೊಳಿಸಿದ ಕಲ್ಲುಕೊಡಲಿಗಳ ಕಾಲದಿಂದ ಕಬ್ಬಿಣ ಬಳಸಿ ಬೃಹತ್ ಶಿಲಾಸಮಾಧಿಗಳನ್ನು ಕಟ್ಟಿದವರವರೆಗಿನ ನೆಲೆಗಳು ಒಂದರ ಮೇಲೊಂದು ಸಿಕ್ಕವು. ಮೌರ್ಯರ ದೂತರು ಬಂದಾಗ ಇಲ್ಲಿ ಜನ ಇದ್ದರು, ಅವರಿಗೆ ಅವರದೇ ಕಟ್ಟಳೆಗಳಿದ್ದವು.

ಈ ಸಂಗತಿ ಇಂದು ಮುಖ್ಯವಾಗುವುದು ನೆರೆಯ ಚಳ್ಳಕೆರೆ ತಾಲ್ಲೂಕಿನ ಕಾವಲುಗಳ ಕಾರಣದಿಂದ. ಅಲ್ಲಿಗೂ ಈಚೆಗೆ ಹೊರಗಿನ ವಿದ್ವಾಂಸರು ಬಂದರು. 2008ರಿಂದೀಚೆಗಿನ ಕೆಲವೇ ವರ್ಷಗಳಲ್ಲಿ ವರವು ಕಾವಲು, ಕುದಾಪುರ, ಉಳ್ಳಾರ್ತಿ ಕಾವಲುಗಳ ಅಮೃತಮಹಲ್ ಹುಲ್ಲುಗಾವಲಿನಲ್ಲಿ ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಗೆ 4,290 ಎಕರೆ, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1,810 ಎಕರೆ, ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ, ಇಸ್ರೊಗೆ 573 ಎಕರೆ ಹಂಚಿಕೆಯಾಯಿತು. ಒಟ್ಟು ಎಂಟು ಸಾವಿರ ಎಕರೆಗೂ ಹೆಚ್ಚು. ಕಡತದಲ್ಲಿ ಅದು ಸರ್ಕಾರಿ ಜಮೀನು. ಆದರೆ ಮೈಸೂರು ಅರಸರ ಬೆಣ್ಣೆ ಚಾವಡಿಯ ಕಾಲದಿಂದ, ಟಿಪ್ಪು ಅದಕ್ಕೆ ಅಮೃತಮಹಲ್ ಎಂದು ಹೆಸರಿಟ್ಟಂದಿನಿಂದ ದನ ಮೇದ ನೆಲ. ಕಂಬಳಿ ನೇಯುವ ಕುರುಬರ ಕುರಿಗಳಿಗೆ, ಗೊಲ್ಲರ ಮಂದೆಗೆ, ಮ್ಯಾಸ ನಾಯಕರ ದೇವರ ಎತ್ತುಗಳಿಗೆ ಮಳೆ ಕೈಕೊಟ್ಟ ವರ್ಷ ಉಳಿಯುತ್ತಿದ್ದ ಕೊನೆಯ ಆಸರೆ ಕಾವಲೇ. ಭೂಮಿ ಕೈಬದಲಾಗಿದೆಯೆಂದು ತಮಗೆ ತಿಳಿದದ್ದು ಬೇಲಿ, ಗೋಡೆ ಏಳತೊಡಗಿದ ಮೇಲೆ ಎಂದು ಗ್ರಾಮಸ್ಥರು ಹೇಳಿದ್ದು ಆ ದಿನಗಳಲ್ಲಿ ವರದಿಯಾಗಿತ್ತು. 2013ರಲ್ಲಿ ವಿಷಯ ಚೆನ್ನೈನ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋಯಿತು. ಮಂಡಳಿ ಸತ್ಯಶೋಧನ ಸಮಿತಿಯನ್ನು ಕಳುಹಿಸಿತು.

ಬಂದ ಸಂಸ್ಥೆಗಳಿಂದ ಪ್ರಯೋಜನವಾಗಿಲ್ಲವೆಂದು ಹೇಳುವಂತಿಲ್ಲ. ಕುದಾಪುರದ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಸಾವಿರಾರು ವಿಜ್ಞಾನ ಶಿಕ್ಷಕರು ತರಬೇತಿ ಪಡೆದಿದ್ದಾರೆ. 2017ರ ಮೇ 28ರಂದು ಉದ್ಘಾಟನೆಯಾದ ವೈಮಾನಿಕ ಪರೀಕ್ಷಾ ವಲಯದ ರನ್‌ವೇಯಲ್ಲೇ ಇಸ್ರೊದ ಮರುಬಳಕೆ ಉಡಾವಣಾ ವಾಹನ 2023ರಲ್ಲಿ ಒಮ್ಮೆ, 2024ರಲ್ಲಿ ಎರಡು ಬಾರಿ ತಾನಾಗಿಯೇ ಇಳಿದು ದೇಶದ ಗಮನ ಸೆಳೆಯಿತು. ಆದರೆ ಅದೇ ವಲಯದ ಮಾನವರಹಿತ ವಿಮಾನಗಳು 2019ರಲ್ಲಿ, ಮತ್ತೆ 2023ರಲ್ಲಿ ಜಿಲ್ಲೆಯ ಹೊಲಗಳಲ್ಲಿ ಬಿದ್ದಾಗ ಜನ ಓಡಿಬಂದು ಸುತ್ತುಗಟ್ಟಿ ನಿಂತರು. ಆಕಾಶದಲ್ಲಿ ಹಾರುತ್ತಿದ್ದುದು ಏನೆಂದು ಅವರಿಗೆ ಮೊದಲೇ ತಿಳಿಸಿ ಹೇಳುವ ಏರ್ಪಾಡು ಕಾಣಲಿಲ್ಲ.

ಕಾವಲಿನ ಹಂಚಿಕೆಯಲ್ಲಿ ಜ್ಞಾನದ ಕೊರತೆ ಇರಲಿಲ್ಲ; ದೇಶದ ಅತ್ಯುತ್ತಮ ಪ್ರಯೋಗಾಲಯಗಳು ಒಂದೆಡೆ ಸೇರಿದ್ದವು. ಕೊರತೆ ಇದ್ದದ್ದು ಆ ಜ್ಞಾನದ ಪರವಾಗಿ ಊರಿನವರ ಬಳಿಗೆ ಹೋಗಿ ಕುಳಿತು ಮಾತನಾಡುವ ದೂತನದು. ಜಿಲ್ಲಾಡಳಿತದ ಆದೇಶ ಪತ್ರವೇ ಆ ಕೆಲಸ ಮಾಡುತ್ತದೆಂದು ಭಾವಿಸಲಾಯಿತು. ರಾಷ್ಟ್ರದ ಭದ್ರತೆಗೆ ಗೋಪ್ಯ ಅಗತ್ಯವೆಂಬ ವಾದವನ್ನು ತಳ್ಳಿಹಾಕಲಾಗದು. ಯುರೇನಿಯಂ ಸಂವರ್ಧನೆಯಂಥ ಕಾರ್ಯದ ವಿವರಗಳನ್ನು ಯಾವ ದೇಶವೂ ಸಂತೆಯಲ್ಲಿ ಸಾರುವುದಿಲ್ಲ. ಆದರೆ ಗೋಡೆಯ ಒಳಗಿನ ಗುಟ್ಟಿಗೂ ಗೋಡೆಯ ಹೊರಗಿನ ಹುಲ್ಲಿಗೂ ಏನು ಸಂಬಂಧ? ಮೇವಿನ ಬದಲಿ ನೆಲ ಎಲ್ಲಿ, ಮಂದೆ ನೀರಿಗೆ ಹೋಗುವ ದಾರಿ ಯಾವುದು, ಕುರಿ ಮೇಯಿಸುವ ಕುಟುಂಬಗಳೆಷ್ಟು ಎಂಬುದು ಸೇನಾ ರಹಸ್ಯವಲ್ಲ.

ಈಚಿನ ವರ್ಷಗಳಲ್ಲಿ ಭಾರತ ಸರ್ಕಾರ ಬೌದ್ಧ ಪರಂಪರೆಯನ್ನು ವಿದೇಶಾಂಗ ನೀತಿಯ ಒಂದು ಸಾಧನವಾಗಿ ಬಳಸುತ್ತಿದೆ. ಬುದ್ಧನ ಅವಶೇಷಗಳನ್ನು 2022ರಲ್ಲಿ ಮಂಗೋಲಿಯಾಕ್ಕೆ, 2024ರಲ್ಲಿ ಥಾಯ್ಲೆಂಡಿಗೆ, 2025ರಲ್ಲಿ ವಿಯೆಟ್ನಾಮಿಗೆ ದರ್ಶನಕ್ಕೆ ಕಳುಹಿಸಲಾಯಿತು. 2024ರ ಅಕ್ಟೋಬರ್‌ನಲ್ಲಿ ಪಾಲಿ ಹಾಗೂ ಪ್ರಾಕೃತಕ್ಕೆ ಶಾಸ್ತ್ರೀಯ ಭಾಷೆಯ ಸ್ಥಾನ ದೊರೆಯಿತು. ಆ ಪ್ರಾಕೃತದ ಅತಿ ಹಳೆಯ ಬರಹಗಳಲ್ಲಿ ಮೂರು ಮೊಳಕಾಲ್ಮೂರು ತಾಲ್ಲೂಕೊಂದರಲ್ಲೇ ಇವೆ. ಹೊರದೇಶದ ಯಾತ್ರಿಕರಿಗೆ ತೋರಿಸಬೇಕಾದ ಸ್ಥಳಗಳ ಪಟ್ಟಿಯಲ್ಲಿ ಸಾರನಾಥ, ಬೋಧಗಯಾಗಳ ಜತೆ ಬ್ರಹ್ಮಗಿರಿಯ ಹೆಸರು ಕೇಳಿಬರುವುದು ಅಪರೂಪ. ರೇಷ್ಮೆ ಸೀರೆ ಕೊಳ್ಳಲು ಮೊಳಕಾಲ್ಮೂರಿಗೆ ಬರುವವರಲ್ಲಿ ಬಂಡೆಯವರೆಗೆ ಹೋಗುವವರು ಎಷ್ಟು ಮಂದಿಯೋ.

ಕುದಾಪುರದ ಸಂಸ್ಥೆಗಳು ಸುತ್ತಲಿನ ಗ್ರಾಮ ಪಂಚಾಯಿತಿಗಳೊಡನೆ ವರ್ಷಕ್ಕೆರಡು ಬಾರಿ ಕೂಡಿ ಕುಳಿತು, ಕನ್ನಡದಲ್ಲಿ ಮಾತನಾಡಬಲ್ಲ ಒಬ್ಬ ಅಧಿಕಾರಿಯನ್ನು ಆ ಕೆಲಸಕ್ಕೆಂದೇ ಇಟ್ಟುಕೊಳ್ಳುವುದಕ್ಕೆ ಹೊಸ ಕಾನೂನು ಬೇಕಿಲ್ಲ, ದೊಡ್ಡ ಅನುದಾನವೂ ಬೇಕಿಲ್ಲ. ಹಾರಾಟದ ಪರೀಕ್ಷೆಯ ದಿನಗಳನ್ನು ಪಂಚಾಯಿತಿ ಕಚೇರಿಯ ಫಲಕದಲ್ಲಿ ಬರೆಸಬಹುದು. ಬರಗಾಲದ ವರ್ಷಗಳಲ್ಲಿ ರನ್‌ವೇಯಿಂದ ದೂರವಿರುವ, ಕಟ್ಟಡವಿಲ್ಲದ ಅಂಚುಗಳಲ್ಲಿ ಮೇವು ಕೊಯ್ದುಕೊಳ್ಳಲು ಅವಕಾಶ ಕೊಡಬಹುದೇ, ದೇವರ ಎತ್ತುಗಳು ಹಬ್ಬಕ್ಕೆ ಸಾಗುವ ಹಾದಿಯನ್ನು ತೆರೆದಿಡಬಹುದೇ ಎಂಬುದನ್ನು ಆ ಸಭೆಯಲ್ಲೇ ತೀರ್ಮಾನಿಸಬಹುದು. ಮುಂದಿನ ಮುಂಗಾರು ಕೈಕೊಡುವುದಕ್ಕೆ ಮುಂಚೆ ಅಂಥ ಮೊದಲ ಸಭೆಯನ್ನು ಕರೆಯಬೇಕಾದವರು ಚಿತ್ರದುರ್ಗದ ಜಿಲ್ಲಾಧಿಕಾರಿಗಳು.