ಮನೆಮಾತು ಮನೆಯಲ್ಲಿರಲಿ, ಊರಮಾತು ಕನ್ನಡವಾಗಲಿ

ಗೆಜ್ಜಲಗೆರೆ, ಮದ್ದೂರು, ಮಳವಳ್ಳಿ ಸೀಮೆಯ ಬಂಧುಗಳೇ,

ನಮ್ಮ ಜಿಲ್ಲೆಯ ಆಲೆಮನೆಗಳಲ್ಲಿ ಇಂದು ಬೆಲ್ಲ ಕಾಯಿಸುವವರಲ್ಲಿ ಉತ್ತರ ಪ್ರದೇಶದಿಂದ ಬಂದವರು ಬಹಳ ಮಂದಿ. ಅವರನ್ನು ಕಂಡು, "ಇಲ್ಲಿನ ಅನ್ನ ತಿನ್ನುವವರು ತಮ್ಮ ಭಾಷೆ, ಹಬ್ಬ ಬಿಟ್ಟು ನಮ್ಮಂತಾಗಲಿ" ಎನ್ನುತ್ತಾರೆ ಕೆಲವರು. "ಎಲ್ಲರೂ ಭಾರತೀಯರೇ, ಹಿಂದಿ ಇದ್ದರೆ ಸಾಕು, ಕನ್ನಡವೇಕೆ?" ಎನ್ನುತ್ತಾರೆ ಇನ್ನು ಕೆಲವರು. ಎರಡೂ ತಪ್ಪು. ಬೇರು ಕಿತ್ತುಕೊಳ್ಳದೆಯೇ ಈ ನೆಲದವರಾಗಬಹುದು. ಆದರೆ ಕನ್ನಡ ಕಲಿಯದೆ ಆಗಲಾರದು.

ಸಾಕ್ಷಿಗೆ ದೂರ ಹೋಗಬೇಕಿಲ್ಲ. ನಮ್ಮ ಮೇಲುಕೋಟೆಯ ಪು.ತಿ. ನರಸಿಂಹಾಚಾರ್ಯರ ಮನೆಮಾತು ತಮಿಳು, ಮಾಸ್ತಿಯವರದೂ ತಮಿಳು, ಬೇಂದ್ರೆಯವರದು ಮರಾಠಿ. 1973ರಲ್ಲಿ ಬೇಂದ್ರೆ, 1983ರಲ್ಲಿ ಮಾಸ್ತಿ ಕನ್ನಡಕ್ಕೆ ಜ್ಞಾನಪೀಠ ತಂದರು. ಮನೆಮಾತು ಬಿಟ್ಟವನಷ್ಟೇ ಕನ್ನಡಿಗ ಎಂಬ ಷರತ್ತು ಹಾಕಿದ್ದರೆ ನಷ್ಟ ನಮ್ಮದೇ ಆಗುತ್ತಿತ್ತು. 1956ರಲ್ಲಿ ಕೇರಳಕ್ಕೆ ಸೇರಿದ ಕಾಸರಗೋಡಿನ ಮಕ್ಕಳಿಗೆ ಕನ್ನಡ ಶಾಲೆ ಉಳಿಯಲಿ ಎಂದು ನಾವು ಕೇಳುತ್ತೇವೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ತಾಯ್ನುಡಿಯ ಪ್ರಾಥಮಿಕ ಶಿಕ್ಷಣ ಸಿಗಬೇಕೆಂದು ಸಂವಿಧಾನದ 350ಎ ವಿಧಿಯೂ ಹೇಳುತ್ತದೆ. ಅಲ್ಲಿ ನಮ್ಮವರಿಗೆ ಕೇಳುವ ನ್ಯಾಯವನ್ನು ಇಲ್ಲಿ ಬಂದವರಿಗೆ ನಿರಾಕರಿಸಲಾಗದು.

"ಹಾಗಾದರೆ ಕನ್ನಡದ ಗತಿಯೇನು?" ಎಂಬ ಪ್ರಶ್ನೆ ಹುಸಿಯಲ್ಲ. 2011ರ ಜನಗಣತಿಯಂತೆ ರಾಜ್ಯದಲ್ಲಿ ಕನ್ನಡ ಮನೆಮಾತಿನವರು ಸುಮಾರು ಮೂರರಲ್ಲಿ ಎರಡು ಪಾಲು ಮಾತ್ರ. ಆದರೆ ಕನ್ನಡ ಸೊರಗುವುದು ಕೂಲಿಕಾರನ ಗುಡಿಸಲಿನ ಭೋಜಪುರಿ ಹಾಡಿನಿಂದಲ್ಲ. ಬ್ಯಾಂಕು, ಕಾರ್ಖಾನೆಗಳಲ್ಲಿ ಕನ್ನಡಕ್ಕೆ ಜಾಗವಿಲ್ಲದಾಗ, ನಾವೇ ನಮ್ಮ ಮಕ್ಕಳನ್ನು ಕನ್ನಡ ಶಾಲೆಯಿಂದ ಬಿಡಿಸಿದಾಗ. ಹಿಂದಿ ಸಾಕೆನ್ನುವವರು ತಿಳಿಯಲಿ: 343ನೇ ವಿಧಿ ಹಿಂದಿಯನ್ನು ಒಕ್ಕೂಟದ ಆಡಳಿತ ಭಾಷೆ ಎಂದಿದೆಯೇ ಹೊರತು, ಸಂವಿಧಾನ ಯಾವ ಭಾಷೆಯನ್ನೂ ರಾಷ್ಟ್ರಭಾಷೆ ಎಂದಿಲ್ಲ. "ನಾಲ್ಕು ತಿಂಗಳಿದ್ದು ಹೋಗುವವನಿಗೆ ಕನ್ನಡವೇಕೆ?" ಎಂದರೆ, ಬಟವಾಡೆಯ ಲೆಕ್ಕ ಕೇಳಲು, ಆಸ್ಪತ್ರೆಯಲ್ಲಿ ನೋವು ಹೇಳಲು, ಠಾಣೆಯಲ್ಲಿ ದೂರು ಕೊಡಲು ಅವನಿಗೇ ಅದು ಬೇಕು. ಸ್ಥಳೀಯರಿಗೆ ಕೆಲಸ ಕೊಡಿ ಎಂಬ ಬೇಡಿಕೆ ನ್ಯಾಯವಾದುದೇ. ಆದರೆ ಅದನ್ನು ಮಾಲೀಕರ ಮುಂದೆ, ಸರ್ಕಾರದ ಮುಂದೆ ಇಡಬೇಕು. ಹೊಟ್ಟೆಪಾಡಿಗೆ ಬಂದವನ ಮೇಲೆ ಸಿಟ್ಟು ತೀರಿಸಿಕೊಂಡರೆ ನಮ್ಮ ಹುಡುಗರಿಗೆ ಕೆಲಸ ಸಿಗುವುದಿಲ್ಲ.

ಗೆಜ್ಜಲಗೆರೆ ಕೈಗಾರಿಕಾ ಪ್ರದೇಶದ ಮಾಲೀಕರೂ ಗ್ರಾಮ ಪಂಚಾಯಿತಿಯೂ ಸೇರಿ ಸಂಜೆಯ ಕನ್ನಡ ತರಗತಿ ತೆರೆಯಲಿ. ಸೂಚನಾ ಫಲಕ, ಸಂಬಳದ ಚೀಟಿ ಕನ್ನಡದಲ್ಲೂ ಇರಲಿ. ಆಲೆಮನೆಯ ಯಜಮಾನರೇ, ಅರೆಬರೆ ಹಿಂದಿ ಬಿಟ್ಟು ಕನ್ನಡದಲ್ಲೇ ಮಾತಾಡಿಸಿ. ಹೊರಗಿಂದ ಬಂದ ಅಣ್ಣತಮ್ಮಂದಿರೇ, ನಿಮ್ಮ ಹಬ್ಬ ಮಾಡಿ, ನಿಮ್ಮ ಹಾಡು ಹಾಡಿ. ಕನ್ನಡ ಕಲಿಯಿರಿ, ಮಕ್ಕಳನ್ನು ಊರಿನ ಸರ್ಕಾರಿ ಶಾಲೆಗೆ ಸೇರಿಸಿ.